ಕೆಲಸ ಬಿಟ್ಟವರ ಫೋನಲ್ಲೂ ನಮ್ಮ ರೇಟ್ ಫೈಲ್ ತೆರೆಯುತ್ತದೆ. ಝೀರೋ ಟ್ರಸ್ಟ್ ಅಂದರೆ ಇದಕ್ಕೆ ಮದ್ದಾ?

ಕುಶಾಲನಗರ_ಗೋಡೌನ್:
ನಮ್ಮದು ಕುಶಾಲನಗರದಲ್ಲಿ ಕಾಫಿ ವ್ಯಾಪಾರ. ಆಫೀಸಲ್ಲಿ 14 ಜನ, ಗೋಣಿಕೊಪ್ಪದಲ್ಲಿ ಒಂದು ಚಿಕ್ಕ ಖರೀದಿ ಕೇಂದ್ರ. ಯಾರಿಗೆ ಯಾವ ರೇಟ್, ಯಾರ ರೋಬಸ್ಟಾ ಚೆರಿಗೆ (ಒಣಗಿಸಿದ ಕಾಫಿ ಹಣ್ಣು) ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ, ಎಷ್ಟು ಬಂತು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಎಲ್ಲ ಒಂದೇ ಶೀಟಲ್ಲಿ. ಹೋದ ವಾರ ಹಳೇ ಪಾರ್ಟಿಯೊಬ್ಬರು ಫೋನ್ ಮಾಡಿ "ಪಕ್ಕದ ತೋಟದವರಿಗೆ ಚೀಲಕ್ಕೆ 150 ಜಾಸ್ತಿ ಯಾಕೆ ಕೊಟ್ಟಿರಿ?" ಅಂತ ಕೇಳಿದರು. ಸುಮ್ನೆ ಊಹೆ ಅಲ್ಲ, ತಾರೀಕು, ಚೀಲದ ಲೆಕ್ಕ ಸಮೇತ ಓದಿ ಹೇಳಿದರು. ನನಗೆ ಬೆವರು ಬಂತು.

ಹುಡುಕಿದರೆ, ಹಿಂದಿನ ಸೀಸನ್‌ನಲ್ಲಿ ಗಡಿಬಿಡಿಯಲ್ಲಿ ಯಾರೋ ಆ ಗೂಗಲ್ ಶೀಟನ್ನು ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಇಟ್ಟು ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. ಆ ಗ್ರೂಪಲ್ಲಿದ್ದ ಇಬ್ಬರು ಈಗ ನಮ್ಮಲ್ಲಿ ಇಲ್ಲ. ಒಬ್ಬ ವೆಂಡರ್ ಬಂದು ಝೀರೋ ಟ್ರಸ್ಟ್ ಬಾಕ್ಸ್ ಹಾಕಿಸಿ ಅಂತ ದೊಡ್ಡ ಕೊಟೇಶನ್ ಕೊಟ್ಟಿದ್ದಾನೆ. ನಮ್ಮಂಥವರಿಗೆ ಅದು ಬೇಕಾ?

ಪಲ್ಪರ್_ಹೌಸ್:
ಮೊದಲು ಆ ಲಿಂಕ್ ಮುಚ್ಚಿ ಅಣ್ಣ, ಆಮೇಲೆ ಮುಂದೆ ಓದಿ.

ಝೀರೋ ಟ್ರಸ್ಟ್ ಅನ್ನೋದು ಬಾಕ್ಸ್ ಅಲ್ಲ. 2010ರಲ್ಲಿ ಫಾರೆಸ್ಟರ್ ಅನ್ನುವ ಸಂಶೋಧನಾ ಕಂಪನಿಯ ಜಾನ್ ಕಿಂಡರ್‌ವಾಗ್ ಈ ಮಾತನ್ನು ಚಾಲ್ತಿಗೆ ತಂದದ್ದು, 2020ರಲ್ಲಿ ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 800-207 ಅಂತ ಒಂದು ದಾಖಲೆಯನ್ನೇ ಹೊರಡಿಸಿತು. ಸಾರ ಇಷ್ಟೇ: ಆಫೀಸ್ ವೈಫೈ ಒಳಗೆ ಇದ್ದಾನೆ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಫೈಲ್ ಹತ್ತಿರ ಬಿಡಬಾರದು. ನಿಮ್ಮ ಕಾಂಪೌಂಡಿನಲ್ಲಿ ಮೇನ್ ಗೇಟ್ ದಾಟಿದವನು ನೇರ ಗೋಡೌನಿಗೆ ಹೋಗಿ ಚೀಲ ಹೊತ್ತುಕೊಂಡು ಹೋಗಲು ಆಗುತ್ತದಾ? ಗೇಟ್ ಪಾಸ್ ಕೇಳುತ್ತೀರಿ, ತೂಕ ನೋಡುತ್ತೀರಿ. ಫೈಲಿಗೂ ಅಷ್ಟೇ. ಪ್ರತಿ ಸಲ ಯಾರು, ಯಾವ ಕಂಪ್ಯೂಟರಿನಿಂದ, ಯಾವ ಫೈಲು ಅಂತ ನೋಡಿಯೇ ಬಾಗಿಲು ತೆರೆಯಬೇಕು.

ನಾನಾಗಿದ್ದರೆ ಆ ಒಂದು ಶೀಟನ್ನು ಮೂರಾಗಿ ಒಡೆಯುತ್ತಿದ್ದೆ. ತೂಕ, ಔಟ್‌ಟರ್ನ್ ಬರೆಯುವ ಹುಡುಗನಿಗೆ ರೇಟ್ ಕಾಲಂ ಯಾಕೆ ಕಾಣಬೇಕು? ಒಂದೇ ಶೀಟಲ್ಲಿ ಕಾಲಂ ಹೈಡ್ ಮಾಡಿಟ್ಟರೆ ಸಾಲದು, ನೋಡುವವರು ಕಾಪಿ ಮಾಡಿಕೊಂಡು ತೆರೆದರೆ ಎಲ್ಲ ಕಾಣುತ್ತದೆ. ಬೇರೆ ಫೈಲೇ ಮಾಡಿ. ಹೆಸರು ಹಾಕಿ ಒಬ್ಬೊಬ್ಬರಿಗೇ ಕೊಡಿ, ಎಲ್ಲರಿಗೂ ಸೇರಿ ಒಂದೇ ಲಾಗಿನ್ ಇದ್ದರೆ ಇದೆಲ್ಲ ವ್ಯರ್ಥ. ನೋಡಲು ಮಾತ್ರ ಬೇಕಾದವರಿಗೆ ಡೌನ್‌ಲೋಡ್, ಪ್ರಿಂಟ್ ಆಫ್ ಮಾಡಬಹುದು. ಸ್ಕ್ರೀನಿನ ಫೋಟೋ ತೆಗೆದರೆ ಮಾತ್ರ ದೇವರೇ ಗತಿ. ಈಗಾಗಲೇ ಇಳಿಸಿಕೊಂಡ ಕಾಪಿಗಳೂ ವಾಪಸ್ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಿ.

ಕಾಡುಮೆಣಸು:
ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ನಮ್ಮ ರೈಟರು (ತೋಟದ ಲೆಕ್ಕ ಬರೆಯುವವರು) ಅಪ್ಪನ ಕಾಲದಿಂದ ತೋಟದಲ್ಲಿದ್ದಾರೆ. ಅವರಿಗೆ ಹೋಗಿ "ಇನ್ನು ಮೇಲೆ ನಿಮ್ಮನ್ನು ನಂಬುವುದಿಲ್ಲ" ಅಂತ ಹೇಳುವುದು ಹೇಗೆ? ಹೆಸರೇ ಸರಿ ಇಲ್ಲ ಇದಕ್ಕೆ.

ಪಲ್ಪರ್_ಹೌಸ್:
ಹೆಸರು ಕೆಟ್ಟದ್ದು, ಒಪ್ಪಿದೆ. ಆದರೆ ನಂಬದಿರುವುದು ರೈಟರನ್ನಲ್ಲ, ಅವರ ಹೆಸರಲ್ಲಿ ಬಂದ ಲಾಗಿನ್ನನ್ನು. ಅವರ ಫೋನ್ ಗೋಣಿಕೊಪ್ಪ ಸಂತೆಯಲ್ಲಿ ಕಳೆದುಹೋಯಿತು ಅಂತಿಟ್ಟುಕೊಳ್ಳಿ. ಸಿಕ್ಕಿದವನು ಫೈಲ್ ತೆರೆದರೆ ನಾಳೆ ಅಪವಾದ ಯಾರ ಮೇಲೆ? ಯಜಮಾನರಿಗೂ ಇದೇ ನಿಯಮ ಹಾಕಿ, ಆಗ ಯಾರಿಗೂ ಬೇಜಾರಿರುವುದಿಲ್ಲ. ನಮ್ಮಲ್ಲಿ ಜಾಸ್ತಿ ಗಲಾಟೆ ಮಾಡಿದ್ದು ಯಜಮಾನರೇ, ಅದು ಬೇರೆ ಕಥೆ.

ಮಡಿಕೇರಿ_ಮಂಜು:
ನಾನು ಹೋಂಸ್ಟೇ ನಡೆಸುವವಳು. ಪಾಸ್‌ವರ್ಡ್ ಜೊತೆಗೆ ಇನ್ನೊಂದು ನಂಬರ್ ಕೇಳುವ ಎರಡು ಹಂತದ ಲಾಗಿನ್ ಹಾಕುವಾಗ ಎಸ್‌ಎಂಎಸ್ ಒಟಿಪಿ ಇಡಬೇಡಿ. ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ಟವರ್ರೂ ಹೋಗುತ್ತದೆ. ಆಮೇಲೆ ಲ್ಯಾಂಡ್‌ಲೈನ್ ಇಂಟರ್‌ನೆಟ್ ಇದ್ದರೂ ಒಟಿಪಿ ಬರದೆ ಸಂಜೆವರೆಗೆ ಕೂತಿರಬೇಕು. ನಾನು ಕೂತಿದ್ದೇನೆ, ಗೆಸ್ಟ್ ಎದುರಲ್ಲೇ. ಅಥೆಂಟಿಕೇಟರ್ ಆಪ್ ಹಾಕಿಕೊಳ್ಳಿ, 30 ಸೆಕೆಂಡಿಗೊಮ್ಮೆ ಬದಲಾಗುವ ನಂಬರ್ ಫೋನ್ ಒಳಗೇ ತಯಾರಾಗುತ್ತದೆ, ಸಿಗ್ನಲ್ ಬೇಡ. ಫೋನಿನ ಗಡಿಯಾರ ಮಾತ್ರ ಸರಿ ಇರಬೇಕು. ಫೋನ್ ಕಳೆದರೆ ಲಾಗಿನ್ ಆಗಲು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ಮಾಡಿ ಬೀರುವಿನಲ್ಲಿಡಿ, ಮಾನಿಟರ್ ಹಿಂದೆ ಅಂಟಿಸಬೇಡಿ.

ಇನ್ನೊಂದು, ಬೆಳೆಗಾರರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಕಾಪಿಗಳೂ ಅದೇ ಫೋಲ್ಡರಲ್ಲಿ ಇವೆಯಾ? 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ ಇಂಥದ್ದನ್ನು ಜೋಪಾನ ಮಾಡದಿದ್ದರೆ 250 ಕೋಟಿವರೆಗೆ ದಂಡ ಅಂತ ಇದೆ. ನಮಗೆ ಅಷ್ಟು ಹಾಕಲಿಕ್ಕಿಲ್ಲ ಬಿಡಿ, ಆದರೂ ನಾನು ಈಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳುತ್ತೇನೆ. ಬೇಡದ್ದನ್ನು ಇಟ್ಟುಕೊಳ್ಳದಿದ್ದರೆ ಕಾಯುವ ಕೆಲಸವೇ ಇಲ್ಲ.

ಪಲ್ಪರ್_ಹೌಸ್:
ಸರಿಯಾಗಿ ಹೇಳಿದಿರಿ ಅಕ್ಕ. ಕಂಪ್ಯೂಟರ್‌ಗಳನ್ನೂ ನೋಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಂಥದ್ದರಲ್ಲಿ ರೇಟ್ ಫೈಲ್ ತೆರೆಯಬೇಡಿ. ಆಫೀಸಿನ ಮೆಷಿನ್ ಮಾತ್ರ ಒಳಗೆ ಬಿಡುವ ನಿಯಮ ಬೇಕಾದರೆ, ಫೈಲನ್ನು ಗೂಗಲ್‌ನಿಂದ ಮೈಕ್ರೋಸಾಫ್ಟಿಗೆ ಸಾಗಿಸಲು ತಯಾರಿದ್ದರೆ, ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂನಲ್ಲಿ ಅದು ಕಂಡಿಷನಲ್ ಆಕ್ಸೆಸ್ ಅನ್ನುವ ಹೆಸರಲ್ಲಿ ಸೇರಿಯೇ ಬರುತ್ತದೆ. 14 ಜನಕ್ಕೂ ಬೇಕಂತಿಲ್ಲ, ರೇಟ್ ಮುಟ್ಟುವ ನಾಲ್ಕೈದು ಜನರಿಂದ ಶುರು ಮಾಡಿ. ವೆಂಡರಿಗೆ ಒಂದೇ ಪ್ರಶ್ನೆ ಕೇಳಿ: ಯಾರಾದರೂ ಕೆಲಸ ಬಿಟ್ಟ ದಿನ ಅವರ ಎಲ್ಲ ದಾರಿ ಎಷ್ಟು ನಿಮಿಷದಲ್ಲಿ ಮುಚ್ಚಬಹುದು? ತಡವರಿಸಿದರೆ ಕಾಫಿ ಕೊಟ್ಟು ಕಳಿಸಿ.

ಕುಶಾಲನಗರ_ಗೋಡೌನ್:
ಎಲ್ಲರಿಗೂ ಥ್ಯಾಂಕ್ಸ್. ಲಿಂಕ್ ಮುಚ್ಚಿದೆ. ಹಾಗೇ ಹೆಸರು ಹಾಕಿ ಶೇರ್ ಮಾಡಿದ್ದ ಪಟ್ಟಿಯನ್ನೂ ತೆಗೆದು ನೋಡಿದೆ, 31 ಐಡಿ ಇವೆ. ನಾವಿರುವುದು 14 ಜನ! ಇಬ್ಬರು ಹಳೇ ಹುಡುಗರು, ಬಿಟ್ಟುಹೋದ ಆಡಿಟರ್, ಯಜಮಾನರ ಮಗಳ ಕಾಲೇಜು ಮೇಲ್. ಒಂದು ಐಡಿ ಮಾತ್ರ ಯಾರದ್ದು ಅಂತ ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ, ಅದಕ್ಕೆ ಎಡಿಟ್ ಮಾಡುವ ಪರ್ಮಿಷನ್ ಬೇರೆ ಇದೆ. ಈಗಷ್ಟೇ ತೆಗೆದೆ. ಫೈಲ್ ತೆರೆಯುತ್ತಿಲ್ಲ ಅಂತ ಯಾರು ಫೋನ್ ಮಾಡುತ್ತಾರೆ ಅಂತ ಕಾಯುತ್ತಾ ಇದ್ದೇನೆ.