ಎಪಿ ಇಂಗ್ಲಿಷ್ ಕ್ಲಾಸಿನ ನಿಯಮಪತ್ರಕ್ಕೆ ಸಹಿ ಹಾಕುವ ಮುಂಚೆ

ಪ್ರಶ್ನೆ (ಒಬ್ಬ ತಾಯಿ, ನ್ಯೂಜೆರ್ಸಿ): ಮೇಡಂ, ಮಗಳು ಈ ವರ್ಷ ಹನ್ನೊಂದನೇ ಕ್ಲಾಸು. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಇಂಗ್ಲಿಷ್ ಲ್ಯಾಂಗ್ವೇಜ್ ತಗೊಂಡಿದ್ದಾಳೆ. ಶಾಲೆಯಿಂದ ನಾಲ್ಕು ಪುಟದ ನಿಯಮಪತ್ರ ಬಂದಿದೆ, ನಾವು ಸಹಿ ಮಾಡಬೇಕಂತೆ. ತಡವಾಗಿ ಕೊಟ್ಟರೆ ದಿನಕ್ಕೆ ಶೇ. 10 ಕಡಿತ, ಎಐ ಬಳಸಿದರೆ ಸೊನ್ನೆ, ಬೇರೆಯವರು ಪ್ರಬಂಧ ತಿದ್ದುವ ಹಾಗಿಲ್ಲ. ಇಲ್ಲಿವರೆಗೂ ಎ ಬಿಟ್ಟು ಬೇರೆ ಗ್ರೇಡು ಕಾಣದ ಹುಡುಗಿಗೆ ಮೊದಲ ಪ್ರಬಂಧಕ್ಕೆ 6ಕ್ಕೆ 3 ಕೊಟ್ಟಿದ್ದಾರೆ. ರಾತ್ರಿಯೆಲ್ಲ ಅತ್ತಿದ್ದಾಳೆ. ಈ ಕ್ಲಾಸು ಬಿಡಿಸಿಬಿಡಲಾ?

ಉತ್ತರ (ಹೈಸ್ಕೂಲ್ ಇಂಗ್ಲಿಷ್ ಶಿಕ್ಷಕಿ): ದಯವಿಟ್ಟು ಬಿಡಿಸಬೇಡಿ. 6ಕ್ಕೆ 3 ಅಂದರೆ ಅರ್ಧ ಫೇಲು ಅಂತಲ್ಲ. ಆ ಆರು ಅಂಕ ಹೀಗೆ ಹಂಚಿಕೆಯಾಗುತ್ತೆ: ಸ್ಪಷ್ಟವಾದ ವಾದಕ್ಕೆ 1, ಆಧಾರ ಮತ್ತು ಅದರ ವಿವರಣೆಗೆ 4, ವಿಚಾರದ ಆಳಕ್ಕೆ 1. ಕೊನೆಯದು ಸಿಗೋದು ಅಪರೂಪ. ವರ್ಷದ ಮೊದಲ ಪ್ರಬಂಧದಲ್ಲಿ ನನ್ನ ಒಳ್ಳೊಳ್ಳೆ ಮಕ್ಕಳೂ 3ರ ಆಸುಪಾಸಿನಲ್ಲೇ ಇರುತ್ತಾರೆ. ಎಲ್ಲರೂ ಎಡವೋದು ಮಧ್ಯದ ಆ ನಾಲ್ಕು ಅಂಕದಲ್ಲಿ.

ಒಂದು ಉದಾಹರಣೆ ಹೇಳ್ತೀನಿ. 1863ರಲ್ಲಿ ಗೆಟಿಸ್‌ಬರ್ಗ್‌ನ ಅಂತರ್ಯುದ್ಧದ ರಣಭೂಮಿಯಲ್ಲಿ ಅಮೆರಿಕದ ಅಧ್ಯಕ್ಷ ಲಿಂಕನ್ ಮಾಡಿದ ಭಾಷಣವನ್ನು ಕ್ಲಾಸಿನಲ್ಲಿ ಓದಿಸ್ತೀವಿ. ಶುರುವಿನಲ್ಲೇ ಆತ 87 ವರ್ಷ ಹಿಂದಕ್ಕೆ ಹೋಗ್ತಾನೆ. ಹೆಚ್ಚಿನ ಮಕ್ಕಳು ಬರೆಯೋದು, 'ಲಿಂಕನ್ ಗಂಭೀರವಾದ ಪದಗಳಿಂದ ಕೇಳುಗರ ಮನಸೆಳೆಯುತ್ತಾನೆ' ಅಂತ. ತಪ್ಪೇನಿಲ್ಲ, ಆದರೆ ಆ ವಾಕ್ಯವನ್ನು ಯಾವ ಭಾಷಣದ ಮೇಲೆ ಬೇಕಾದರೂ ಅಂಟಿಸಬಹುದು. ಹೋದ ವರ್ಷ ಒಬ್ಬ ಹುಡುಗ ಅಂಚಿನಲ್ಲಿ ಲೆಕ್ಕ ಹಾಕಿದ್ದ: 1863ರಲ್ಲಿ 87 ಕಳೆದರೆ 1776. ಅಂದರೆ ಸಂವಿಧಾನ ಬರೆದ 1787 ಅಲ್ಲ, ಸ್ವಾತಂತ್ರ್ಯ ಘೋಷಣೆಯ ವರ್ಷ. ಗುಲಾಮಗಿರಿಗೆ ಜಾಗ ಬಿಟ್ಟ ಸಂವಿಧಾನವನ್ನು ದಾಟಿ, ಎಲ್ಲರೂ ಸಮಾನರು ಅಂದ ಪತ್ರವನ್ನೇ ದೇಶದ ಹುಟ್ಟು ಅಂತ ಲಿಂಕನ್ ಎಣಿಸಿದ, ಯುದ್ಧ ಯಾತಕ್ಕೆ ಅನ್ನೋದನ್ನು ಆ ಎಣಿಕೆಯಲ್ಲೇ ಹೇಳಿಬಿಟ್ಟ ಅಂತ ಬರೆದಿದ್ದ. ಅವನ ಇಂಗ್ಲಿಷಿನಲ್ಲಿ ಎರಡು ವ್ಯಾಕರಣ ತಪ್ಪಿತ್ತು. ಆ ಭಾಗಕ್ಕೆ ನಾಲ್ಕಕ್ಕೆ ನಾಲ್ಕೂ ಕೊಟ್ಟೆ.

ನಿಯಮಗಳೆಲ್ಲ ಇರೋದು ಈ ಥರದ ಯೋಚನೆ ಮಗುವಿನದ್ದೇ ಆಗಿರಲಿ ಅಂತ. ಮೇ ತಿಂಗಳ ಪರೀಕ್ಷೆಯಲ್ಲಿ ಒಂದು ಗಂಟೆಯಲ್ಲಿ 45 ಬಹು ಆಯ್ಕೆ ಪ್ರಶ್ನೆ, ಆಮೇಲೆ 2 ಗಂಟೆ 15 ನಿಮಿಷದಲ್ಲಿ ಮೂರು ಪ್ರಬಂಧ. ಒಂದರಲ್ಲಿ ಆರು ಆಕರ ಕೊಟ್ಟು ಕನಿಷ್ಠ ಮೂರನ್ನಾದರೂ ಬಳಸಿ ವಾದ ಕಟ್ಟಲು ಹೇಳ್ತಾರೆ, ಇನ್ನೊಂದರಲ್ಲಿ ಒಂದು ಬರಹ ಹೇಗೆ ಕೆಲಸ ಮಾಡುತ್ತೆ ಅಂತ ಬಿಡಿಸಿ ತೋರಿಸಬೇಕು, ಮತ್ತೊಂದು ಪೂರ್ತಿ ತನ್ನದೇ ವಾದ. ಅಲ್ಲಿ ಎಐ ಇಲ್ಲ, ಟ್ಯೂಟರ್ ಇಲ್ಲ, ಅಮ್ಮ ಇಲ್ಲ. ಸೆಪ್ಟೆಂಬರಿನಿಂದ ಬೇರೆಯವರು ತಿದ್ದಿಕೊಟ್ಟಿದ್ದರೆ ಮಗು ಎಲ್ಲಿ ಸಿಕ್ಕಿಕೊಳ್ಳುತ್ತೆ ಅನ್ನೋದು ನಮಗೆ ಮೇ ವರೆಗೂ ಗೊತ್ತೇ ಆಗಲ್ಲ.

ತಡದ ವಿಷಯ: ನಿಯಮ ಶಾಲೆಯಿಂದ ಶಾಲೆಗೆ ಬೇರೆ. ಗಡುವಿಗೆ ಮೊದಲೇ ಬಂದು ಕೇಳಿದರೆ ಹೆಚ್ಚಿನ ಟೀಚರ್‌ಗಳು ಒಂದೆರಡು ದಿನ ಕೊಡ್ತಾರೆ. ಆದರೆ ಇಮೇಲ್ ಮಗಳೇ ಬರೆಯಲಿ, ನೀವಲ್ಲ.

ಪ್ರಶ್ನೆ (ಇನ್ನೊಬ್ಬ ಪೋಷಕರು): ಪರೀಕ್ಷೆ ಬರೆಯದೆ ಕ್ಲಾಸು ಮಾತ್ರ ಓದಿದರೆ ಸಾಕಾ? ಜಿಪಿಎಗೆ (ಎಲ್ಲ ವಿಷಯಗಳ ಗ್ರೇಡಿನ ಸರಾಸರಿಗೆ) ಹೊಡೆತ ಬೀಳುತ್ತಾ?

ಉತ್ತರ: ಬಹಳ ಶಾಲೆಗಳಲ್ಲಿ ಪರೀಕ್ಷೆ ಕಡ್ಡಾಯವಲ್ಲ, ಆದರೆ ನವೆಂಬರ್ ಮಧ್ಯದೊಳಗೆ ಹೆಸರು ಕೊಡಬೇಕು, ಮರೀಬೇಡಿ. ಫಲಿತಾಂಶ ಬರೋದು ಜುಲೈನಲ್ಲಿ, ಹಾಗಾಗಿ ಆ ಅಂಕ ಕ್ಲಾಸಿನ ಗ್ರೇಡಿಗೆ ಸೇರಲ್ಲ. ಪರೀಕ್ಷೆಯಲ್ಲಿ 5ಕ್ಕೆ 3 ಬಂದರೂ ಎಷ್ಟೋ ಕಾಲೇಜುಗಳು ಕ್ರೆಡಿಟ್ (ಆ ಕೋರ್ಸನ್ನು ಕಾಲೇಜಿನಲ್ಲೇ ಓದಿದ ಲೆಕ್ಕ) ಕೊಡುತ್ತವೆ, ಕೆಲವು 4 ಅಥವಾ 5 ಕೇಳುತ್ತವೆ. ಜಿಪಿಎ ಲೆಕ್ಕದಲ್ಲಿ ಎಪಿ ಕ್ಲಾಸಿನ ಎ ಗ್ರೇಡನ್ನು 4ರ ಬದಲು 5 ಅಂತ ಎಣಿಸುವ ಶಾಲೆಗಳೂ ಇವೆ. ನಿಮ್ಮ ಕೌನ್ಸೆಲರ್ ಹತ್ತಿರ ಕೇಳಿ.

ಪ್ರಶ್ನೆ (ಮೊದಲ ತಾಯಿ): ನಾನು ದಾವಣಗೆರೆಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವಳು. ಅವಳ ಪ್ರಬಂಧ ನನಗೇ ಪೂರ್ತಿ ಅರ್ಥ ಆಗಲ್ಲ. ತಿದ್ದಲೂ ಬಾರದು ಅಂದರೆ ನಾನು ಮಾಡೋದಾದರೂ ಏನು?

ಉತ್ತರ: ನಿಮ್ಮಿಂದ ಆಗುವ ಸಹಾಯ ಟ್ಯೂಟರ್‌ನಿಂದ ಆಗಲ್ಲ. ಪ್ರಬಂಧವನ್ನು ಪಕ್ಕಕ್ಕಿಟ್ಟು, 'ನೀನು ಏನು ಹೇಳ್ತಿದ್ದೀಯ ಅಂತ ನನಗೆ ಕನ್ನಡದಲ್ಲಿ ಹೇಳು' ಅನ್ನಿ. ಹೇಳಿದ ಮೇಲೆ 'ಅದು ಹೇಗೆ?' ಅಂತ ಒಂದು ಸಲ ಕೇಳಿ, 'ಯಾಕೆ ಹಾಗೆ ಹೇಳಿದ ಅವನು?' ಅಂತ ಇನ್ನೊಂದು ಸಲ. ಉತ್ತರ ನಿಮಗೆ ಗೊತ್ತಿಲ್ಲದಿರೋದೇ ಇಲ್ಲಿ ಒಳ್ಳೇದು, ಯಾಕಂದರೆ ಅವಳು ಬಿಡಿಸಿ ಹೇಳಲೇಬೇಕಾಗುತ್ತೆ. ನಿಯಮ ಮುರಿದ ಹಾಗೂ ಆಗಲ್ಲ. ಅನುಮಾನವಿದ್ದರೆ ಟೀಚರ್‌ಗೆ ಹೀಗೆ ಮಾಡ್ತಿದ್ದೀವಿ ಅಂತ ಹೇಳಿಬಿಡಿ.

(ಮೂರು ದಿನದ ನಂತರ, ಅದೇ ತಾಯಿ): ಮೇಡಂ, ನಿನ್ನೆ ಚಪಾತಿ ಲಟ್ಟಿಸ್ತಾ ಕೇಳಿದೆ. ಮೊದಲು ಸಿಡುಕಿದಳು. ಆಮೇಲೆ ಹತ್ತು ನಿಮಿಷ ಹೇಳಿದಳು, ಕನ್ನಡ ಸಿಗದ ಕಡೆ ಇಂಗ್ಲಿಷ್ ಸೇರಿಸಿ. ನಡುವೆ ನಿಲ್ಲಿಸಿ 'ಅಮ್ಮ, ಇದನ್ನ ನಾನು ಬರೆದೇ ಇಲ್ಲ' ಅಂದಳು.

ಉತ್ತರ: ಅವಳ ಮಾರ್ಜಿನ್‌ನಲ್ಲಿ ಟೀಚರ್ 'ಹೇಗೆ?' ಅಂತ ಬರೆದಿರಬಹುದು, ನೋಡಿ. ಇದ್ದರೆ ಈಗ ಹೇಳಿದ ಮಾತನ್ನು ಅಲ್ಲೇ ಸೇರಿಸಲಿ. ತಿದ್ದಿ ಮತ್ತೆ ಕೊಡಲು ಎಷ್ಟು ದಿನ ಅಂತ ನಿಯಮಪತ್ರದಲ್ಲಿ ಇದ್ದೇ ಇರುತ್ತೆ. ಅದನ್ನು ನೋಡಿಕೊಂಡು ಸಹಿ ಹಾಕಿ ಕಳಿಸಿ.