ನಿಂತ ನೀರಿಗೆ ಎರಚಿದ ಯೂರಿಯಾ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ತುಂಗಭದ್ರಾ ಅಚ್ಚುಕಟ್ಟಿನ ನಮ್ಮ ಕಪ್ಪುಮಣ್ಣಿನ ಗದ್ದೆಯಲ್ಲಿ ನಿಂತ ನೀರಿನ ಮೇಲೆಯೇ ಯೂರಿಯಾ ಎರಚಿದ್ದೆವು, ಎರಡು ವಾರದೊಳಗೆ ಪೈರು ಮತ್ತೆ ಹಳದಿಗೆ ತಿರುಗಿದೆ. ಇನ್ನೊಂದು ಚೀಲ ಹಾಕಬೇಕೇ?

ಉತ್ತರ 1: ದಯವಿಟ್ಟು ಅವಸರಿಸಬೇಡಿ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದ್ದರೂ, ಹಗಲಿನಲ್ಲಿ ಪಾಚಿಯು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಷಾರತೆಯನ್ನು ಏರಿಸುವುದರಿಂದ, ಅದರಲ್ಲಿ ಗಣನೀಯ ಪಾಲು ಕೆಲವೇ ದಿನಗಳಲ್ಲಿ ಅಮೋನಿಯಾ ಆಗಿ ಗಾಳಿಗೆ ಸೇರುತ್ತದೆ. ಮುಂದಿನ ಕಂತನ್ನು ನೀರು ಬಸಿದ ಕೆಸರಿಗೆ ಹಾಕಿ, ಕಳೆಯಂತ್ರ ಓಡಿಸಿ ಮಣ್ಣಿನೊಳಗೆ ಸೇರಿಸಿ.

ಉತ್ತರ 2: ಬೇವು ಲೇಪಿತ ಯೂರಿಯಾ ಹಾಕಿದ್ದರೂ ಈ ನಷ್ಟ ತಪ್ಪದು: ಅದು ಅಮೋನಿಯಂ ರೂಪದ ಸಾರಜನಕವು ನೈಟ್ರೇಟ್ ರೂಪಕ್ಕೆ ತಿರುಗುವುದನ್ನು ನಿಧಾನಗೊಳಿಸುತ್ತದೆಯೇ ಹೊರತು ಅಮೋನಿಯಾ ಆವಿಯಾಗುವುದನ್ನು ಅಷ್ಟಾಗಿ ತಡೆಯುವುದಿಲ್ಲ.

ಉತ್ತರ 3: ಮೊದಲು ಎಲೆಯನ್ನೇ ನೋಡಿ. ಹಳೆಯ ಎಲೆ ತುದಿಯಿಂದ ಸಮನಾಗಿ ಹಳದಿಯಾದರೆ ಸಾರಜನಕದ ಕೊರತೆ; ತುಕ್ಕಿನಂಥ ಕಂದು ಚುಕ್ಕೆಗಳಿದ್ದರೆ, ಕ್ಷಾರ ಮಣ್ಣಿನಲ್ಲಿ ಸಾಮಾನ್ಯವಾದ ಸತುವಿನ ಕೊರತೆಯಿರಬಹುದು, ಅದಕ್ಕೆ ಯೂರಿಯಾ ಮದ್ದಲ್ಲ.