50 ಮೀಟರಿಗೆ ಪೆಲೆಟ್ ಎತ್ತ ಹೋಗುತ್ತಿದೆ?

ಹೊಸಬ: .177 (ಇಂಚಿನ ಸಣ್ಣ ಗುಂಡು, ಅಂದರೆ ಪೆಲೆಟ್ ಹಾಕುವ) ಏರ್ ರೈಫಲ್, 25 ಮೀಟರಿಗೆ ಝೀರೋ ಮಾಡಿದ್ದೇನೆ, ಅಂದರೆ ಆ ದೂರದಲ್ಲಿ ಸ್ಕೋಪ್ ತೋರಿಸಿದ ಜಾಗಕ್ಕೇ ಬೀಳುವಂತೆ ಹೊಂದಿಸಿದ್ದೇನೆ. ಅಲ್ಲಿ ಒಂದೇ ತೂತಿಗೆ ಬೀಳುತ್ತದೆ. 50ಕ್ಕೆ ಹೋದರೆ ಕೆಳಗೆ, ಅದೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸ್ಕೋಪ್ ಕೆಟ್ಟಿದೆಯಾ?

ತೋಟದವನು: ಸ್ಕೋಪನ್ನು ಸುಮ್ನೆ ಬೈಯಬೇಡಿ. ದೂರ ಎರಡು ಪಟ್ಟಾದರೆ ಗಾಳಿ ತಳ್ಳುವುದು ಹೆಚ್ಚುಕಡಿಮೆ ನಾಲ್ಕು ಪಟ್ಟು. ನಾನು ಸ್ಕೋಪಿನ ಮುಂದೆ ಉಲ್ಲನ್ ದಾರದ ತುಂಡು ಕಟ್ಟಿದ್ದೇನೆ, ಆದರೆ ಅದು ಹೇಳುವುದು ನನ್ನ ಮೂಗಿನ ಹತ್ತಿರದ ಗಾಳಿ ಮಾತ್ರ, ಮಧ್ಯದಲ್ಲಿ ಹುಲ್ಲು ಯಾವ ಕಡೆ ಬಾಗಿದೆ ಅಂತಲೂ ನೋಡಬೇಕು ಅಲ್ವಾ.

ಹಳೇ ಕೈ: ಇಳಿತ ಸುಲಭ. ಗಾಳಿ ಇಲ್ಲದ ಬೆಳಿಗ್ಗೆ 5 ಮೀಟರಿಗೊಂದು ಕಾಗದ ಇಟ್ಟು ಹೊಡೆದು ಬರೆದಿಡಿ. ಸ್ಕೋಪಿನಲ್ಲಿ ಮಿಲ್‌ಡಾಟ್ (ಅಳತೆಯ ಚುಕ್ಕಿಗಳು, ಒಂದರಿಂದ ಇನ್ನೊಂದಕ್ಕೆ 1 ಮಿಲ್) ಇದ್ದರೆ 50 ಮೀಟರಲ್ಲಿ 1 ಮಿಲ್ ಅಂದರೆ 5 ಸೆಂ.ಮೀ. ಹಿಂದೆ ಮಣ್ಣಿನ ದಿಬ್ಬ ಇರಲಿ ಮಾರಾಯ್ರೆ.

ಹೊಸಬ: ದಾರ ಕಟ್ಟಿದೆ. ಅದು ಅಲ್ಲಾಡುತ್ತಲೇ ಇಲ್ಲ, ಅಲ್ಲಿ ಹುಲ್ಲು ಮಲಗಿಬಿಟ್ಟಿದೆ!